ನೂರರಲ್ಲಿ ಒಂದು ಪಾಲು ಬೆಳಕು

ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಆಪ್ಟಿಕಲ್ ಫೈಬರ್ ಓದದೆ ಬಂದವರು ನಮ್ಮಲ್ಲಿ ಕಡಿಮೆ. ಚಿತ್ರ ಬರಿ, ಕೋರ್, ಕ್ಲ್ಯಾಡಿಂಗ್ ಅಂತ ಗುರುತು ಹಾಕು, ನ್ಯೂಮರಿಕಲ್ ಅಪರ್ಚರ್ ಡಿರೈವ್ ಮಾಡು, ಮಾರ್ಕ್ಸ್ ತಗೋ. ನಾವು ಮೂವರು ರೂಮ್‌ಮೇಟ್‌ಗಳೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಟೋಟಲ್ ಇಂಟರ್ನಲ್ ರಿಫ್ಲೆಕ್ಷನ್ ಅಂದರೇನು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀವಿ. ಕಷ್ಟವಾಗಿದ್ದು ಅದನ್ನೇ ಕನ್ನಡದಲ್ಲಿ ಹೇಳಬೇಕಾಗಿ ಬಂದಾಗ.

ದಸರಾ ರಜೆಗೆ ನಮ್ಮಲ್ಲೊಬ್ಬನ ಅಜ್ಜನ ಮನೆಗೆ, ತಿಪಟೂರಿನ ಹತ್ತಿರದ ಹಳ್ಳಿಗೆ ಹೋಗಿದ್ದೆವು. ಅವತ್ತೇ ಅಲ್ಲಿಗೆ ಫೈಬರ್ ಇಂಟರ್ನೆಟ್ ಹಾಕೋಕೆ ಬಂದಿದ್ದರು. ಅಜ್ಜ ಕೇಳಿದರು: "ಏನ್ರಪ್ಪಾ, ಇದ್ರೊಳಗೆ ಕರೆಂಟೇ ಇಲ್ವಂತೆ, ಬರೀ ಗಾಜಂತೆ. ಗಾಜು ಅಂದ್ಮೇಲೆ ಬೆಳಕು ಪಕ್ಕದಿಂದ ಆಚೆ ಹೋಗ್ಬೇಕಲ್ವಾ?"

"ಕ್ರಿಟಿಕಲ್ ಆ್ಯಂಗಲ್" ಅಂತ ಶುರು ಮಾಡಿ ಅಲ್ಲೇ ನಿಂತೆವು. ಅಷ್ಟರಲ್ಲಿ ತೋಟದ ಬಾವಿ ಕಣ್ಣಿಗೆ ಬಿತ್ತು.

"ಅಜ್ಜ, ಬಾವೀಲಿ ಮುಳುಗಿ ಮೇಲಕ್ಕೆ ನೋಡಿದ್ದೀರಾ?"

"ನೋಡ್ದೆ ಏನು? ನೆತ್ತಿ ಮೇಲೆ ಗುಂಡಗೆ ಆಕಾಶ. ಓರೆಯಾಗಿ ನೋಡಿದ್ರೆ ನೀರೇ ಕನ್ನಡಿ ಥರ."

ವಿಷಯ ಅಷ್ಟೇ. ನೀರೊಳಗಿನ ಬೆಳಕು ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮೇಲ್ಮೈಗೆ ಬಡಿದರೆ ಹೊರಗೆ ಹೋಗಲ್ಲ, ಪೂರ್ತಿ ಒಳಗೇ ತಿರುಗುತ್ತೆ. ಫೈಬರ್‌ನಲ್ಲಿ ನೀರಿನ ಜಾಗದಲ್ಲಿ ಒಂದು ಗಾಜು, ಗಾಳಿಯ ಜಾಗದಲ್ಲಿ ಇನ್ನೊಂದು ಗಾಜು. ಕೋರ್‌ನ ವಕ್ರೀಭವನಾಂಕ 1.48, ಕ್ಲ್ಯಾಡಿಂಗ್‌ನದು 1.46 ಅಂತಿಟ್ಟುಕೊಂಡರೆ ಆ ಕೋನ 80.6 ಡಿಗ್ರಿ. ಗೋಡೆಯನ್ನು ಸವರಿಕೊಂಡು ಹೋಗೋ ಬೆಳಕು ಮಾತ್ರ ಒಳಗೆ ಉಳಿಯುತ್ತೆ.

ಹಾಗಾದರೆ ಕೊಳವೆಯೊಳಗೆ ಕನ್ನಡಿಯನ್ನೇ ಹಚ್ಚಿದರೆ ಆಗಲ್ವಾ? ಲೆಕ್ಕ ಹಾಕಿದೆವು. 50 ಮೈಕ್ರಾನ್ ಕೋರ್ ಇರೋ ಫೈಬರ್‌ನಲ್ಲಿ ಈ ಕೋನದ ಬೆಳಕು 0.3 ಮಿಲಿಮೀಟರಿಗೊಮ್ಮೆ, ಅಂದರೆ ಮೀಟರಿಗೆ ಸುಮಾರು 3,300 ಸಲ ಗೋಡೆಗೆ ಬಡಿಯುತ್ತೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 95 ಪಾಲು ವಾಪಸ್ ಕೊಡೋ ಕನ್ನಡಿಯಾದರೆ 90 ಸಲ ಬಡಿಯುವಷ್ಟರಲ್ಲಿ ಉಳಿಯೋದು ನೂರಕ್ಕೆ ಒಂದು ಪಾಲು. ಮೂರು ಸೆಂಟಿಮೀಟರ್ ದಾಟೋದರೊಳಗೆ ಕಥೆ ಮುಗೀತು! ಟೋಟಲ್ ಅನ್ನೋ ಪದದ ಬೆಲೆ ನಮಗೆ ಗೊತ್ತಾಗಿದ್ದು ಅವತ್ತೇ.

ಅಜ್ಜ ಬಿಡಲಿಲ್ಲ. "ಗಾಜು ನಮ್ಮ ಕಾಲ್ದಲ್ಲೂ ಇತ್ತಲ್ಲ. ಆಗ ಯಾಕೆ ಬರ್ಲಿಲ್ಲ ಇದು?"

ಇದಕ್ಕೆ ನಮ್ಮ ನೋಟ್ಸ್‌ನಲ್ಲಿ ಉತ್ತರ ಇರಲಿಲ್ಲ. ರಾತ್ರಿ ಕೂತು ಹುಡುಕಿದೆವು. 1841ರಲ್ಲೇ ಜಿನೀವಾದಲ್ಲಿ ಕೊಲಾಡನ್ ಅನ್ನೋರು ಬಾಗಿ ಬೀಳೋ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹೋಗೋದನ್ನು ತೋರಿಸಿದ್ದರು. ಪಂಜಾಬಿನ ಮೊಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಜೊತೆ ಸೇರಿ ಫೈಬರ್ ಕಟ್ಟಿನ ಮೂಲಕ ಚಿತ್ರ ಕಳಿಸಿ, 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಆದರೆ ಅದೆಲ್ಲ ಹತ್ತಿರದ ಮಾತು. ದೂರ ಹೋಗೋಕೆ ಗಾಜೇ ಅಡ್ಡಿ. ಆಗಿನ ಫೈಬರ್‌ಗಳಲ್ಲಿ ಕಿಲೋಮೀಟರಿಗೆ 1,000 ಡೆಸಿಬೆಲ್‌ನಷ್ಟು ನಷ್ಟ. 20 ಮೀಟರ್ ಹೋದರೆ ಉಳಿಯೋದು ನೂರಕ್ಕೆ ಒಂದು ಪಾಲು.

1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ ಒಂದು ಮಾತು ಹೇಳಿದರು: ತಪ್ಪು ಗಾಜಿನದಲ್ಲ, ಅದರಲ್ಲಿ ಸೇರಿರೋ ಕಬ್ಬಿಣದಂಥ ಕಲ್ಮಶದ್ದು. ನಷ್ಟವನ್ನು 20 ಡೆಸಿಬೆಲ್‌ಗೆ ಇಳಿಸಿದರೆ ಇದರಲ್ಲೇ ಫೋನ್ ಮಾತು ಕಳಿಸಬಹುದು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅದನ್ನು ಮಾಡಿ ತೋರಿಸಿತು. ಕಿಲೋಮೀಟರ್ ಹೋದ ಮೇಲೂ ನೂರಕ್ಕೆ ಒಂದು ಪಾಲು! ಈಗ ನಷ್ಟ ಸುಮಾರು 0.2 ಡೆಸಿಬೆಲ್. ಅಷ್ಟೇ ಬೆಳಕು ಉಳಿಯೋಕೆ 100 ಕಿಲೋಮೀಟರ್ ಹೋಗಬಹುದು, ಹೆಚ್ಚುಕಮ್ಮಿ ಬೆಂಗಳೂರಿಂದ ಮಂಡ್ಯ. ಕಾವ್ ಅವರಿಗೆ ನೊಬೆಲ್ ಬಂದಿದ್ದು 2009ರಲ್ಲಿ.

ಇಷ್ಟೆಲ್ಲ ಆಗುವಾಗ ನಾವು ಎಕ್ಸಾಮ್‌ನಲ್ಲಿ ಬರೆಯೋ ಸೂತ್ರ ಒಂದಕ್ಷರವೂ ಬದಲಾಗಲಿಲ್ಲ. ಬದಲಾಗಿದ್ದು ಗಾಜು. ಸೂತ್ರ ಗೊತ್ತಿದ್ದವರು ನೂರು ವರ್ಷದಿಂದ ಇದ್ದರು. ಬೆಳಕು ಎಲ್ಲಿ ಕಳೆದುಹೋಗ್ತಿದೆ ಅಂತ ಪಟ್ಟು ಹಿಡಿದು ಕೇಳಿದವರಿಂದ ಕೆಲಸ ಆಯಿತು. ನಮ್ಮ ಸಿಲೆಬಸ್ ಸೂತ್ರಕ್ಕೇ ನಿಲ್ಲುತ್ತೆ. ಅದರಾಚೆ ಹೋಗೋಕೆ ನಮಗೆ ಅಜ್ಜನ ಪ್ರಶ್ನೆ ಬೇಕಾಯಿತು.

ಮುಂದಿನ ರಜೆಯಲ್ಲಿ ನೀವೂ ಯಾವುದಾದರೂ ಒಂದು ಚಾಪ್ಟರನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ ನೋಡಿ. ಮಾತು ಎಲ್ಲಿ ನಿಲ್ಲುತ್ತೋ, ಅಲ್ಲಿಂದ ಓದೋಕೆ ಶುರು ಮಾಡಬಹುದು.