ಬೀರೂರಿನಲ್ಲಿ ಕವಲೊಡೆದ ಬೆಳಕು

ಕಡೂರಿನಲ್ಲಿ ಕೊಂಡ ಕಡಲೆಕಾಯಿ ಮುಗಿಯುವುದರೊಳಗೆ ರೈಲು ಬೀರೂರಿಗೆ ಬಂದಿರುತ್ತದೆ. ಇಲ್ಲಿ ಹಳಿ ಎರಡಾಗುತ್ತದೆ. ಒಂದು ತರೀಕೆರೆಯ ಮೇಲೆ ಹಾದು ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಗೆ. ತರೀಕೆರೆಯ ಬೀಗರ ಮನೆಗೆ ಹೊರಟವರು ನಿದ್ದೆಗಣ್ಣಿನಲ್ಲಿ ಗಾಡಿ ತಪ್ಪಿದರೆ ಅಜ್ಜಂಪುರದಲ್ಲಿ ಇಳಿದು ಪೇಚಾಡಬೇಕು. ಒಂದೇ ಗಾಡಿ ಎರಡೂ ಹಳಿ ಹಿಡಿಯಲಾರದಷ್ಟೆ.

ಬೆಳಕಿನ ಕಣಕ್ಕೆ ಈ ಕಟ್ಟುಪಾಡಿಲ್ಲ. ಅರ್ಧ ಬೆಳಕನ್ನು ಹಿಂದಿರುಗಿಸಿ ಉಳಿದರ್ಧವನ್ನು ಆಚೆ ಬಿಡುವಂತೆ ತೆಳುವಾಗಿ ಲೇಪ ಹಚ್ಚಿದ ಕನ್ನಡಿಯೇ ಅದರ ಬೀರೂರು ಜಂಕ್ಷನ್. ಒಂದೇ ಒಂದು ಫೋಟಾನನ್ನು ಅತ್ತ ಕಳಿಸಿದರೆ, ಅದು ಎರಡೂ ದಾರಿಗಳನ್ನು ಒಟ್ಟಿಗೇ ಹಿಡಿದಂತೆ ವರ್ತಿಸುತ್ತದೆ. ದಾರಿಗಳು ಮತ್ತೆ ಕೂಡುವಲ್ಲಿ ಅಂಥದೇ ಇನ್ನೊಂದು ಕನ್ನಡಿಯಿಟ್ಟು ಉದ್ದಗಳನ್ನು ಹೊಂದಿಸಿದರೆ, ಪ್ರತಿಸಲವೂ ಒಂದೇ ಬಾಗಿಲಿನಿಂದ ಹೊರಬರುತ್ತದೆ. ಆದರೆ ಯಾವ ದಾರಿಯಲ್ಲಿ ಬಂತೆಂದು ತಿಳಿಯಲು ನಡುವೆ ಒಬ್ಬ ಟಿಕೆಟ್ ಕಲೆಕ್ಟರನ್ನು ನಿಲ್ಲಿಸಿದಿರೋ, ಆಟ ಕೆಟ್ಟಿತು! ಕಣ ಆಗ ಎರಡು ಬಾಗಿಲುಗಳಲ್ಲಿ ಯಾವುದರಿಂದ ಬೇಕಾದರೂ ಹೊರಬಿದ್ದೀತು. ಕ್ವಾಂಟಂ ಕಂಪ್ಯೂಟರಿನ ಕ್ಯೂಬಿಟ್ ನಿಂತಿರುವುದು ಈ ಇಬ್ಬಂದಿತನದ ಮೇಲೆಯೇ. ಲೆಕ್ಕ ಮುಗಿಯುವ ತನಕ ಅದನ್ನು ಇಣುಕಿ ನೋಡಬಾರದು. 2023ರಲ್ಲಿ ಕೇಂದ್ರ ಸರ್ಕಾರ 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೂ ಒಂದು ಕ್ಯೂಬಿಟ್ಟೇ. ತಲೆಯಲ್ಲಿ ಸೈನ್ಸು, ಕಾಮರ್ಸು ಎರಡೂ ಒಟ್ಟಿಗೇ ಓಡುತ್ತಿರುತ್ತವೆ. ಮನೆಯಲ್ಲಿ ಮಾತ್ರ ಟಿಕೆಟ್ ಕಲೆಕ್ಟರುಗಳಿಗೆ ಬರವಿಲ್ಲ. ಬೆಳಿಗ್ಗೆ ಅಪ್ಪ, ಸಂಜೆ ಅಮ್ಮ, ಭಾನುವಾರ ಸೋದರಮಾವ. "ಏನು ತೀರ್ಮಾನ ಮಾಡಿದೆಯೋ?" ಎಂದಾಗಲೆಲ್ಲ ಹುಡುಗ ಬಾಯಿಗೆ ಬಂದದ್ದು ಹೇಳುತ್ತಾನೆ. ಅಪ್ಪ ಅದನ್ನೇ ಗಟ್ಟಿಮಾಡಿಕೊಂಡು ಕೋಚಿಂಗ್ ಫೀಸು ಕಟ್ಟಿ ಬರುತ್ತಾರೆ.

ಇಂಥವರೆಲ್ಲ ಒಮ್ಮೆ ತರೀಕೆರೆಯಲ್ಲಿಳಿದು ಅಮೃತಾಪುರಕ್ಕೆ ಹೋಗಬೇಕು. (ಕೆರೆ ಏರಿಯ ಮೇಲಿನ ಮೂರು ಕರಿ ಕುರಿಮರಿಗಳನ್ನು ನಾಲಿಗೆ ತೊಡರದಂತೆ ಮೇಯಿಸಬಲ್ಲವರು ದಾರಿಯಲ್ಲಿ ಪ್ರಯತ್ನಿಸಬಹುದು.) ಅಲ್ಲಿಯ ಅಮೃತೇಶ್ವರ ದೇಗುಲ ಹೊಯ್ಸಳ ಎರಡನೆಯ ವೀರಬಲ್ಲಾಳನ ಕಾಲದ್ದು, 1196ರದು. ಶಾಸನದ ಪದ್ಯಗಳು ಕವಿ ಜನ್ನನವು. ತಿರುಗಣೆಯಲ್ಲಿ ಕಡೆದು ನುಣುಪು ಮಾಡಿದ ಕಂಬಗಳ ಸಾಲು ಎಂಟು ಶತಮಾನದ ಮೇಲೂ ಹೊಳೆಯುತ್ತದೆ. ಕಂಬ ಉಬ್ಬಿದಲ್ಲಿ ಅದು ಪೀನ ದರ್ಪಣ. ಎಂಥ ಸ್ಥೂಲಕಾಯರೂ ಅದರಲ್ಲಿ ಕಡ್ಡಿಯಾಗುತ್ತಾರೆ, ಸಂತೋಷಪಡುತ್ತಾರೆ. ಸೊಂಟ ಒಳಬಾಗಿದಲ್ಲಿ ನಿಮ್ನ. ತುಸು ದೂರ ನಿಂತರೆ ತಲೆ ಕೆಳಗು, ಕಾಲು ಮೇಲು. ಪಠ್ಯಪುಸ್ತಕದ ಕಿರಣಚಿತ್ರ ಅರ್ಥವಾಗದ ಮಕ್ಕಳಿಗೆ ಇಷ್ಟು ಸಾಕು. ಹೊರಗೋಡೆಯ ದಕ್ಷಿಣಕ್ಕೆ ರಾಮಾಯಣದ 70 ಫಲಕಗಳಿವೆ. ಕಥೆ ಸಾಗುವುದು ಮಾತ್ರ ಅಪ್ರದಕ್ಷಿಣವಾಗಿ, ಕನ್ನಡಿಯಲ್ಲಿ ನೋಡಿದಂತೆ. ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅದು ತಿರುಗಿಸುವುದು ಹಿಂದುಮುಂದನ್ನು. ಎದುರಿಗಿರುವವನನ್ನು ಬೇರೆಯವನೆಂದು ಭಾವಿಸುವ ನಾವೇ ಎಡಬಲದ ಗೊಂದಲಕ್ಕೆ ಬೀಳುತ್ತೇವೆ.

ಕೊನೆಗೆ ಅಜ್ಜಂಪುರ, ಅಮೃತಮಹಲ್ ತಳಿಯ ಊರು. 1970ರಲ್ಲಿ ಗಾರ್ಡನ್ ಗ್ಯಾಲಪ್ ಎಂಬ ಮನೋವಿಜ್ಞಾನಿ ಚಿಂಪಾಂಜಿಗಳಿಗೆ ಅರಿವಳಿಕೆ ಕೊಟ್ಟು, ಮುಖಕ್ಕೆ ಬಣ್ಣ ಹಚ್ಚಿ, ಎಚ್ಚರವಾದ ಮೇಲೆ ಕನ್ನಡಿ ತೋರಿಸಿದ. ಅವು ಕನ್ನಡಿ ಬಿಟ್ಟು ತಮ್ಮ ಮುಖವನ್ನೇ ಮುಟ್ಟಿಕೊಂಡವು. ಈ ಪರೀಕ್ಷೆಯಲ್ಲಿ ದನಗಳು ತೇರ್ಗಡೆಯಾದ ಸುದ್ದಿಯಿಲ್ಲ. ನೀಳ ಕೊಂಬಿನ ಹಸು ಕಟ್ಟೆಯ ನೀರಿಗೆ ಬಗ್ಗಿದಾಗ ಎದುರಿನ ಕೊಂಬುಗಳೂ ಮೇಲೇಳುತ್ತವೆ. ಮೂತಿ ತಾಗಿದೊಡನೆ ಬಿಂಬ ಚೂರು ಚೂರು. ಹಸು ಹೊಟ್ಟೆ ತುಂಬ ಕುಡಿದು, ಬಾಲ ಬೀಸಿ, ಕಾವಲಿನ ಕಡೆಗೆ ನಡೆಯುತ್ತದೆ.