ಕೆಂಪು ಬೇರೆ, ಕಪ್ಪು ಬೇರೆ

ಬಿಕ್ಕೋಡಿನಲ್ಲಿ ಮಳೆಗಾಲ ಎಷ್ಟು ದೂರ ಬಂತು ಅಂತ ತಿಳಿಯಲು ಪಂಚಾಂಗ ಬೇಕಿಲ್ಲ, ಬಾಗಿಲ ಚಿಲಕ ಮುಟ್ಟಿದರೆ ಸಾಕು. ಆರಿದ್ರಾದಲ್ಲಿ ಬೆರಳ ತುದಿಗೆ ಕಾವಿ ಹತ್ತುತ್ತದೆ, ಆಶ್ಲೇಷದ ಹೊತ್ತಿಗೆ ಅಂಗೈಗೆಲ್ಲ. ಚಪ್ಪಲಿಗೆ ಬೂಷ್ಟು, ಹಪ್ಪಳಕ್ಕೆ ಮೆತ್ತಗಾಗುವ ಭಾಗ್ಯ, ಮನುಷ್ಯರಿಗೆ ನೆಗಡಿ, ಕಬ್ಬಿಣಕ್ಕೆ ತುಕ್ಕು. ಯಾರಿಗೂ ಕಮ್ಮಿಯಾಗದಂತೆ ಮಳೆ ಹಂಚಿಹೋಗುತ್ತದೆ. ನಮ್ಮಜ್ಜನ ಕ್ಷೌರದ ಕತ್ತಿಗೂ ಅದರ ಪಾಲು ಸಂದಿತ್ತು.

ಆಷಾಢದಲ್ಲಿ ಊರಿಗೆ ಹೋದಾಗ ಎರಡು ದಿನ ಕರೆಂಟಿರಲಿಲ್ಲ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ನಾನು ಅಟ್ಟ ಹತ್ತಿದೆ. ಮೆಣಸಿನ ಚೀಲದ ಹಿಂದೊಂದು ತಗಡಿನ ಡಬ್ಬಿ. ಒಳಗೆ ಪಟಿಕದ ತುಂಡು, ಕೂದಲುದುರಿದ ಬ್ರಷ್ಷು, ಮಡಚುವ ಕತ್ತಿ. ಕತ್ತಿಯ ಬುಡದಲ್ಲಿ 'ಸೋಲಿಂಗೆನ್' ಎಂಬ ಅಕ್ಷರಗಳನ್ನು ತುಕ್ಕು ಅರ್ಧ ತಿಂದಿತ್ತು. ಜರ್ಮನಿಯಲ್ಲಿ ಕತ್ತಿಗೇ ಹೆಸರಾದ ಊರು ಅದು. ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಎನ್ನಲು ಮನೆಯಲ್ಲಿ ಮೂರು ಕಥೆಗಳಿದ್ದವು. ಒಂದರಲ್ಲಿ ಸಕಲೇಶಪುರದ ಕಡೆಯ ಎಸ್ಟೇಟಿನ ದೊರೆ ಬರುತ್ತಾನೆ, ಇನ್ನೊಂದರಲ್ಲಿ ಬೇಲೂರು ಜಾತ್ರೆ. ಮೂರನೆಯದನ್ನು ಅಜ್ಜಿ ಹೇಳಗೊಡುತ್ತಿರಲಿಲ್ಲ.

ಭಾನುವಾರ ಅಜ್ಜ ಜಗಲಿಯ ಕಂಬಕ್ಕೆ ಚರ್ಮದ ಪಟ್ಟಿ ಸಿಕ್ಕಿಸಿ, ಕತ್ತಿಯ ಬೆನ್ನು ಮುಂದಾಗಿ ಎಳೆದು, ಮಗುಚಿ, ಮತ್ತೆ ಎಳೆಯುತ್ತಿದ್ದ. ಆ ಚಟ್ ಚಟ್ ಸದ್ದಿಗೆ ಮಕ್ಕಳೆಲ್ಲ ಗಪ್‌ಚಿಪ್. ಆದರೆ ಮುಖಕ್ಕೆ ನೊರೆ ಹತ್ತಿದ ಮೇಲೆ ಅಜ್ಜನಷ್ಟು ಸಾಧು ಊರಲ್ಲೇ ಇರಲಿಲ್ಲ. ಬೈಯಲು ಬಾಯಿ ತೆರೆದರೆ ಕೆನ್ನೆ ಕುಯ್ಯುತ್ತದಲ್ಲ! ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿಸಲು ನನಗಿದ್ದ ಶುಭಮುಹೂರ್ತ ಅದೊಂದೇ.

ಈ ಕತ್ತಿಯನ್ನು ಫಳಫಳ ಮಾಡಿಯೇ ಸೈ ಅಂತ ಕೂತೆ. ತಾಮ್ರದ ಚೊಂಬಿಗೆ ಆಗುವ ಹುಣಸೆಹಣ್ಣು ಇದಕ್ಕೇಕಾಗಬಾರದು ಎಂದಳು ಹೆಂಡತಿ. ಹತ್ತೇ ನಿಮಿಷದಲ್ಲಿ ಹುಳಿ ಉಕ್ಕನ್ನೇ ಕಡಿದು ಬೂದುಬಣ್ಣದ ಚಿಬ್ಬು ಎಬ್ಬಿಸಿತು. ಅದನ್ನು ಮುಚ್ಚಲು ಬಾಗಿಲು ಉಜ್ಜುವ ಉಪ್ಪುಕಾಗದ ಹಿಡಿದೆ. ಚಿಬ್ಬಿನ ಜೊತೆಗೆ ಗೀರುಗಳೂ ಬಂದವು.

ಕೊನೆಗೆ ಕ್ಷೌರದಂಗಡಿಯ ತಾತನ ಹತ್ತಿರ ಹೋದೆ. ಏಡ್ಸ್ ಭಯ ಬಂದ ಮೇಲೆ ಅವರೂ ಮಸೆಯುವ ಕತ್ತಿ ಬಿಟ್ಟು, ಬ್ಲೇಡನ್ನು ಎರಡಾಗಿ ಮುರಿದು ಸಿಕ್ಕಿಸುವ ಕತ್ತಿ ಹಿಡಿದವರು. ಡಬ್ಬಿ ತೆರೆದದ್ದೇ ಹುಬ್ಬೇರಿಸಿದರು: "ಹುಳಿ ಹಾಕು ಅಂತ ಯಾರಪ್ಪಾ ಹೇಳಿದ್ದು? ಇದೇನ್ ಚೊಂಬಾ?"

ಹೊಲಿಗೆ ಮಿಷನ್ನಿನ ಎಣ್ಣೆ ಎರಡು ತೊಟ್ಟು ಬಿಟ್ಟು, ಕಾಫಿ ಕುಡಿದು ಬಾ ಎಂದರು. ಬಂದಾಗ ತುಕ್ಕು ನೆನೆದಿತ್ತು. 2000 ನಂಬರಿನ ನಯವಾದ ಕಾಗದದ ಚೂರಿಗೆ ಎಣ್ಣೆ ಮುಟ್ಟಿಸಿ, ಕತ್ತಿಯನ್ನು ಹಲಗೆಯ ಮೇಲೆ ಮಲಗಿಸಿ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಸವರಿದರು. ಎದುರಾಗಿ ಹೋದರೆ ಬೆರಳೂ ಹೋಗುತ್ತದೆ, ಹರಿತವೂ ಹೋಗುತ್ತದೆ. ಮೊಳೆಯ ಸಂದಿಗೆ ಬೆಂಕಿಕಡ್ಡಿಗೆ ಸುತ್ತಿದ ಹತ್ತಿ. ಒರೆಸಿದ ಬಟ್ಟೆಯೆಲ್ಲ ಕಾವಿಯಾಯಿತು, ಕತ್ತಿಯ ಮೇಲೆ ಕಪ್ಪು ಮಚ್ಚೆಗಳು ಉಳಿದವು.

"ಅದನ್ನೂ ತೆಗೀರಿ ತಾತ. ಹಳೇಬೀಡಿನ ಬಸದಿ ಕಂಬದ ಥರ ಮುಖ ಕಾಣಬೇಕು."

"ಅದು ಕಲ್ಲು ಕಣಪ್ಪಾ, ಇದು ಕಬ್ಬಿಣ. ಕೆಂಪು ತಿನ್ನುತ್ತೆ, ಕಪ್ಪು ಕಾಯುತ್ತೆ. ಕೆಂಪು ಹೋಯ್ತಲ್ಲ, ಕಪ್ಪನ್ನ ಅದರ ಪಾಡಿಗೆ ಬುಡು."

ಮಾತು ಸುಳ್ಳಲ್ಲ. ನೀರು, ಗಾಳಿ ಸೇರಿ ಹುಟ್ಟಿಸುವ ಕೆಂಪು ತುಕ್ಕು ಪುಡಿಪುಡಿಯಾಗಿ ಉದುರಿ, ಕೆಳಗಿನ ಹೊಸ ಉಕ್ಕನ್ನು ಮತ್ತೆ ಮಳೆಗೆ ಒಡ್ಡುತ್ತದೆ. ಕಪ್ಪು ಹಾಗಲ್ಲ, ಕಚ್ಚಿ ಕೂರುತ್ತದೆ. 1904ರಲ್ಲಿ ಅಮೆರಿಕದ ಜಿಲೆಟ್ ಎಂಬಾತ ಬಳಸಿ ಬಿಸಾಡುವ ಬ್ಲೇಡಿನ ರೇಜರಿಗೆ ಪೇಟೆಂಟ್ ಪಡೆದ. ತುಕ್ಕು ಹಿಡಿಯುವಷ್ಟು ದಿನ ಬ್ಲೇಡು ಇಟ್ಟುಕೊಳ್ಳುವವರೇ ಕಮ್ಮಿಯಾದ ಮೇಲೆ ಈ ಕೆಂಪು ಕಪ್ಪಿನ ಲೆಕ್ಕ ಯಾರಿಗೆ ಬೇಕು?

ಮನೆಗೆ ಬಂದು ಕಿಟಕಿಯ ಬೆಳಕಿಗೆ ಹಿಡಿದೆ. ದೊಡ್ಡ ಕಪ್ಪು ಮಚ್ಚೆ ಇದ್ದದ್ದು ಅಲಗಿನ ಮೇಲಲ್ಲ, ಅದರ ಬುಡದ ಕೆಳಮೈಯಲ್ಲಿ, ಮೊಟ್ಟೆಯಾಕಾರಕ್ಕೆ. ಕತ್ತಿ ಹಿಡಿದಾಗ ಹೆಬ್ಬೆರಳು ಕೂರುವ ಜಾಗ. ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಸುತ್ತಲೂ ಒಂದು ಗೆರೆ ಕಪ್ಪು ಹೊರಗೇ ಉಳಿಯಿತು.

ಈಗ ಕತ್ತಿ ಬೆಂಗಳೂರಿನಲ್ಲಿದೆ. ತಿಂಗಳಿಗೊಮ್ಮೆ ಎಣ್ಣೆ ಸವರುತ್ತೇನೆ, ಕೆನ್ನೆಗೆ ಮುಟ್ಟಿಸುವ ಧೈರ್ಯವಿಲ್ಲ. ನನ್ನದು ಮೂರು ಬ್ಲೇಡಿನ ರೇಜರ್. ನೊರೆ ಹಚ್ಚಿಕೊಂಡೇ ಫೋನಿನಲ್ಲಿ ಜಗಳವಾಡಬಹುದು, ಎಲ್ಲೂ ಕುಯ್ಯುವುದಿಲ್ಲ. ಮೊನ್ನೆ ಮಗಳು ಪ್ರೋಗ್ರೆಸ್ ರಿಪೋರ್ಟ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಳು. ನೊರೆಯ ನಡುವಿನಿಂದಲೇ ಬೈದೆ. ಪಾಪ, ಅವಳಿಗೆ ಮುಹೂರ್ತವೇ ಇಲ್ಲ.