ಪರಂಗಿ ಮನೆ, ಥಾಯ್ ಬೆಟ್ಟ

ಕೆಂಪು ಇಟ್ಟಿಗೆಯ ಗೋಡೆ, ಚೂಪಾದ ಮಾಡು, ಮಾಡಿನ ಮೇಲೊಂದು ಹೊಗೆಗೂಡು. ಅಂಗಳದಲ್ಲಿ ಒಪ್ಪವಾಗಿ ಕತ್ತರಿಸಿದ ಹಸಿರು ಬೇಲಿ, ನಡುವೆ ಕಲ್ಲಿನ ಕಾರಂಜಿ. ಫೋಟೋ ನೋಡಿದವರು ಇಂಗ್ಲೆಂಡಿನ ಯಾವುದೋ ಹಳ್ಳಿಯೆಂದೇ ಹೇಳಿಬಿಡುತ್ತಾರೆ. ಆದರೆ ಬಾಗಿಲಲ್ಲಿ ನಿಂತ ಹುಡುಗಿ ಎರಡೂ ಕೈ ಜೋಡಿಸಿ, ತಲೆಬಾಗಿಸಿ 'ಸವಾದಿ ಖಾ' ಎನ್ನುತ್ತಾಳೆ. ಆಗ ಗುಟ್ಟು ರಟ್ಟಾಗುತ್ತದೆ. ಇದು ಥಾಯ್ಲೆಂಡ್! ಆ 'ಸವಾದಿ'ಯ ಮೂಲವೂ ನಮಗೆ ಗೊತ್ತಿರುವ 'ಸ್ವಸ್ತಿ'ಯೇ.

ಬ್ಯಾಂಕಾಕ್‌ನಿಂದ ಈಶಾನ್ಯಕ್ಕೆ ಕಾರಿನಲ್ಲಿ ಎರಡೂವರೆ ಮೂರು ಗಂಟೆ ಸಾಗಿದರೆ ಪಾಕ್ ಚೋಂಗ್ ಎಂಬ ಊರು ಸಿಗುತ್ತದೆ. ಅದು ಸೇರಿರುವ ಪ್ರಾಂತ್ಯದ ಹೆಸರು ನಖೋನ್ ರಾಚಸೀಮಾ. ಕಿವಿಗೊಟ್ಟು ಕೇಳಿದರೆ ನಗರ, ರಾಜ, ಸೀಮೆ ಮೂರೂ ಅದರೊಳಗಿವೆ. ಊರಿನ ದಕ್ಷಿಣಕ್ಕೆ ಖಾವೊ ಯಾಯ್, ಅಂದರೆ 'ದೊಡ್ಡ ಬೆಟ್ಟ'. ಈ ಬೆಟ್ಟದ ತಪ್ಪಲಲ್ಲಿ ಯುರೋಪಿನ ವೇಷ ತೊಟ್ಟ ಹೋಟೆಲುಗಳು ಒಂದರ ಹಿಂದೊಂದು ತಲೆಯೆತ್ತಿದವು. ಥೇಮ್ಸ್ ವ್ಯಾಲಿ ಎಂಬುದು ಇಂಗ್ಲಿಷರ ಹಳ್ಳಿ ಬಂಗಲೆಯ ಮಾದರಿಯದು. ಟೋಸ್ಕಾನಾ ವ್ಯಾಲಿ, ಪಲಿಯೊ, ಪ್ರಿಮೊ ಪಿಯಾಜಾ ಇವೆಲ್ಲ ಇಟಲಿಯ ನೆರಳುಗಳು.

ನಮ್ಮ ಊಟಿಯಲ್ಲಿ ಇಂಗ್ಲಿಷ್ ಬಂಗಲೆಗಳನ್ನು ಕಂಡರೆ ಆಶ್ಚರ್ಯವಿಲ್ಲ. ಅವನ್ನು ಕಟ್ಟಿದವರು, ವಾಸವಿದ್ದವರು ಇಂಗ್ಲಿಷರೇ. ಥಾಯ್ಲೆಂಡ್ ಎಂದೂ ಯುರೋಪಿಯನ್ನರ ವಸಾಹತಾಗಿರಲಿಲ್ಲ. ಅಲ್ಲಿ ಈ ಮನೆಗಳನ್ನು ಕಟ್ಟಿಸಿದ್ದು ಬ್ಯಾಂಕಾಕ್ ನಿವಾಸಿಗಳ ಆಸೆ. ಸೆಕೆಯಿಂದ ಎರಡು ದಿನ ಪಾರಾಗಬೇಕು, ವಿಮಾನದ ಖರ್ಚಿಲ್ಲದೆ ಪರದೇಶ ನೋಡಿದಂತೆಯೂ ಆಗಬೇಕು! ಈ ಮೋಹ ಇಂದಿನದೂ ಅಲ್ಲ. ದೊರೆ ಚುಲಾಲಂಗ್‌ಕಾರ್ನ್ 1897 ಮತ್ತು 1907ರಲ್ಲಿ ಯುರೋಪ್ ಪ್ರವಾಸ ಮಾಡಿದ್ದ. ಅವನ ಕಾಲದಲ್ಲಿ ಆರಂಭವಾದ ಅನಂತ ಸಮಾಖೋಮ್ ಸಭಾಭವನ ಇಟಲಿಯ ಅಮೃತಶಿಲೆಯದು.

ಬಿಳಿಯರನ್ನು ಥಾಯ್ ಜನ 'ಫರಾಂಗ್' ಎನ್ನುತ್ತಾರೆ. ಸೀಬೆಹಣ್ಣಿಗೂ ಅವರಲ್ಲಿ ಅದೇ ಹೆಸರು. ನಮ್ಮ ಅಜ್ಜಂದಿರು ಯುರೋಪಿಯನ್ನರನ್ನು 'ಪರಂಗಿಯವರು' ಎಂದರು, ಪಪ್ಪಾಯಿಯನ್ನು ಪರಂಗಿ ಹಣ್ಣು ಎಂದರು. ಎರಡೂ ಒಂದೇ ಬೇರಿನ ಪದಗಳು. 'ಫ್ರಾಂಕ್' ಎಂಬ ಜನಾಂಗದ ಹೆಸರು ಅರಬ್ಬರು, ಪರ್ಷಿಯನ್ನರ ಬಾಯಲ್ಲಿ ತಿರುಗಿ ಪೂರ್ವದ ಬಂದರುಗಳಿಗೆ ಬಂತು. ಹಡಗಿನಲ್ಲಿ ಬಂದ ಹೊಸ ಹಣ್ಣಿಗೂ ಅದೇ ಹೆಸರು ಅಂಟಿಕೊಂಡಿತು.

ತಂಪು ಎಲ್ಲಿಂದ ಬಂತು?

ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂದು ವಿದ್ಯಾರ್ಥಿಗಳು ಓದಿದ್ದಾರೆ. ಈ ಹೋಟೆಲುಗಳಿರುವುದು ಹೆಚ್ಚೆಂದರೆ 400 ಮೀಟರ್ ಆಸುಪಾಸಿನಲ್ಲಿ. ಬೆಂಗಳೂರಿನ ಅರ್ಧ ಎತ್ತರವೂ ಇಲ್ಲ! ಲೆಕ್ಕ ಹಾಕಿದರೆ ಬ್ಯಾಂಕಾಕ್‌ಗಿಂತ ಎರಡೂವರೆ ಡಿಗ್ರಿಯಷ್ಟೇ ಕಡಿಮೆ ಇರಬೇಕು. ಆದರೂ ಡಿಸೆಂಬರ್ ರಾತ್ರಿಯಲ್ಲಿ ಅಲ್ಲಿ ಸ್ವೆಟರ್ ಬೇಕೆನಿಸುತ್ತದೆ. ಕಾರಣ ಎತ್ತರವೊಂದೇ ಅಲ್ಲ. ಚಳಿಗಾಲದಲ್ಲಿ ಏಷ್ಯಾ ಖಂಡದ ಒಳನಾಡಿನಿಂದ ಒಣ ತಂಗಾಳಿ ಬೀಸುತ್ತದೆ. ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಕಾವನ್ನು ರಾತ್ರಿಯಿಡೀ ಬಿಟ್ಟುಕೊಡುತ್ತದೆ. ಪಕ್ಕದಲ್ಲೇ ಇರುವ ಕಾಡು ಹಗಲಿನಲ್ಲಿ ನೆರಳು ಕೊಡುವುದಲ್ಲದೆ ಎಲೆಗಳಿಂದ ನೀರಾವಿಯನ್ನೂ ಹೊರಬಿಟ್ಟು ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತದೆ. ಹೋಟೆಲು ಮಾರುವ ತಂಪಿನಲ್ಲಿ ಕಾಡಿನ ಪಾಲೂ ಇದೆ.

ಚೂಪು ಮಾಡಿನ ಕಥೆಯೂ ಸ್ವಾರಸ್ಯದ್ದೇ. ಯುರೋಪಿನ ಚಳಿನಾಡುಗಳಲ್ಲಿ ಹಿಮ ಜಾರಲೆಂದು ಮಾಡನ್ನು ಕಡಿದಾಗಿಸಿದರು. ಥಾಯ್ಲೆಂಡಿನ ಹಳೆಯ ಮರದ ಮನೆಯ ಮಾಡೂ ಕಡಿದೇ. ಅದು ಮಳೆನೀರು ಹರಿಯಲೆಂದು, ಬಿಸಿಗಾಳಿ ಮೇಲೇರಲೆಂದು. ಹಾಗಾದರೆ ವ್ಯತ್ಯಾಸವೆಲ್ಲಿ? ಸೂರಿನಲ್ಲಿ! ಇಂಗ್ಲಿಷ್ ಮನೆಯ ಸೂರು ಮೋಟು. ಅವರಿಗೆ ಬಿಸಿಲು ಒಳಗೆ ಬರಬೇಕು. ಥಾಯ್ ಮನೆಯ ಸೂರು, ನಮ್ಮ ಮಲೆನಾಡಿನ ಹೆಂಚಿನ ಮನೆಯ ಸೂರಿನಂತೆ, ಗೋಡೆ ದಾಟಿ ಮುಂದೆ ಚಾಚಿರುತ್ತದೆ. ಬಿಸಿಲೂ ಇರಿಚಲೂ ಒಳಗೆ ಬರಬಾರದು. ದಪ್ಪ ಇಟ್ಟಿಗೆಯ ಗೋಡೆ ಹಗಲಿನ ಕಾವನ್ನು ಹೀರಿ ಸಂಜೆಯ ಮೇಲೆ ಕೋಣೆಯೊಳಗೆ ಬಿಡುತ್ತದೆ. ಲಂಡನ್ನಿನಲ್ಲಿ ಅದು ವರ. ಏಪ್ರಿಲ್ ತಿಂಗಳ ಪಾಕ್ ಚೋಂಗ್‌ನಲ್ಲಿ ಏರ್ ಕಂಡೀಷನರ್‌ಗೆ ಕೆಲಸ.

ನಿಜವಾಗಿ ಬಂದ ಯುರೋಪು

ಹಾಗೆಂದು ಈ ಬೆಟ್ಟಗಳ ಯುರೋಪೆಲ್ಲ ಬರೀ ವೇಷವಲ್ಲ. ಬೆಳಗಿನ ಉಪಾಹಾರದ ಮೇಜನ್ನೇ ನೋಡಿ. ಒಂದು ತುದಿಯಲ್ಲಿ ಬ್ರೆಡ್ಡು, ಬೆಣ್ಣೆ. ಇನ್ನೊಂದು ತುದಿಯಲ್ಲಿ ಥಾಯ್ ಜನರ ಅಕ್ಕಿಗಂಜಿ. ನಡುವೆ ಹಾಲಿನ ಜಗ್ಗು. ಒಂದು ಕಾಲದಲ್ಲಿ ಥಾಯ್ ಊಟದಲ್ಲಿ ಹಾಲಿಗೆ ಜಾಗವೇ ಇರಲಿಲ್ಲವೆನ್ನಬಹುದು. 1960ರಲ್ಲಿ ದೊರೆ ಭೂಮಿಬಲ್ ಡೆನ್ಮಾರ್ಕಿಗೆ ಭೇಟಿ ಕೊಟ್ಟಾಗ ಅಲ್ಲಿನ ಹೈನುಗಾರಿಕೆ ಅವನ ಮನಸ್ಸಿಗೆ ಹಿಡಿಸಿತು. 1962ರ ಜನವರಿ 16ರಂದು, ಪಕ್ಕದ ಸರಾಬುರಿ ಪ್ರಾಂತ್ಯದ ಮುವಾಕ್ ಲೆಕ್‌ನಲ್ಲಿ ಥಾಯ್-ಡೇನಿಷ್ ಹೈನು ಕ್ಷೇತ್ರವನ್ನು ಎರಡೂ ದೇಶಗಳ ದೊರೆಗಳು ಸೇರಿ ಉದ್ಘಾಟಿಸಿದರು. ತಂಪು ದೇಶದ ಹಸುವಿಗೆ ಇಲ್ಲಿನ ಸೆಕೆ, ಉಣ್ಣೆಗಳ ಕಾಟ ಸುಲಭವಲ್ಲ. ಅದಕ್ಕೇ ಉಷ್ಣವಲಯದ ತಳಿಗಳೊಂದಿಗೆ ಮಿಶ್ರ ಮಾಡುವ, ಮೇವು ಬೆಳೆಸುವ, ರೈತರಿಗೆ ಹೇಳಿಕೊಡುವ ಕೆಲಸ ವರ್ಷಗಟ್ಟಲೆ ನಡೆಯಿತು. 1971ರಲ್ಲಿ ಕ್ಷೇತ್ರ ಥಾಯ್ ಸರಕಾರದ ಕೈಗೆ ಬಂತು. 1992ರಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಡುವ ರಾಷ್ಟ್ರೀಯ ಯೋಜನೆಯೇ ಆರಂಭವಾಯಿತು.

ದ್ರಾಕ್ಷಿಯದೂ ಅಂಥದೇ ಪಾಠ. ಯುರೋಪಿನಲ್ಲಿ ಚಳಿ ಬಿದ್ದಾಗ ಬಳ್ಳಿ ಎಲೆಯುದುರಿಸಿ ನಿದ್ದೆ ಹೋಗುತ್ತದೆ, ವಸಂತದಲ್ಲಿ ಚಿಗುರುತ್ತದೆ. ಖಾವೊ ಯಾಯ್ ತಪ್ಪಲಲ್ಲಿ ಅಂಥ ಚಳಿಯಿಲ್ಲ, ಬಳ್ಳಿಗೆ ನಿದ್ದೆಯಿಲ್ಲ. ಹಾಗಾಗಿ ಯಾವಾಗ ಚಿಗುರಬೇಕೆಂಬುದನ್ನು ರೈತನೇ ಕತ್ತರಿ ಹಿಡಿದು ಹೇಳಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಕುಡಿ ಸವರಿದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಗೊಂಚಲು ಮಾಗುತ್ತದೆ. ನಮ್ಮ ವಿಜಯಪುರದ ಬೆಳೆಗಾರರು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಮಾಡುವ ಚಾಟ್ನಿಯ ಹಿಂದಿರುವುದೂ ಇದೇ ಜಾಣತನ.

ಕಾಡಿನ ಮಾತು

ಈ ಸೀಮೆಯ ಹಳೆಯ ಹೆಸರು ದೋಂಗ್ ಫಯಾ ಫಾಯ್, ಅಂದರೆ ಬೆಂಕಿ ದೊರೆಯ ಕಾಡು. ಇದರೊಳಗೆ ಹೊಕ್ಕವರನ್ನು ಮಲೇರಿಯಾ ಬಿಡುತ್ತಿರಲಿಲ್ಲ. 1900ರಲ್ಲಿ ನಖೋನ್ ರಾಚಸೀಮಾಕ್ಕೆ ರೈಲು ಮುಟ್ಟುವ ಮೊದಲು ಹಳಿ ಹಾಕುತ್ತಲೇ ಅನೇಕ ಕೂಲಿಗಳು ಜ್ವರದಿಂದ ಸತ್ತರು. ಈ ಹೆಸರಿನ 'ಬೆಂಕಿ'ಯನ್ನು ತೆಗೆದು ದೋಂಗ್ ಫಯಾ ಯೆನ್, ತಂಪು ದೊರೆಯ ಕಾಡು, ಎಂದು ಹೆಸರಿಟ್ಟರು. ರೈಲು ಬಂತು, 1958ರಲ್ಲಿ ಅಮೆರಿಕದ ನೆರವಿನ ಹೆದ್ದಾರಿ ಬಂತು, ಮರಗಳು ಕರಗತೊಡಗಿದವು. 1962ರಲ್ಲಿ ಖಾವೊ ಯಾಯ್ ಥಾಯ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 2,168 ಚದರ ಕಿಲೋಮೀಟರ್. ಉದ್ಯಾನದ ಒಳಗೇ ಇದ್ದ ಹೋಟೆಲನ್ನೂ ಗಾಲ್ಫ್ ಮೈದಾನವನ್ನೂ 1992ರಲ್ಲಿ ಮುಚ್ಚಿಸಿದರು. 2005ರಲ್ಲಿ ಅಕ್ಕಪಕ್ಕದ ಕಾಡುಗಳೂ ಸೇರಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಬಂದವು.

ಒಳಗೆ ಮುಚ್ಚಿದ್ದು ಹೊರಗೆ ಬೆಳೆಯಿತು. ಪೂರ್ವಕ್ಕಿರುವ ವಾಂಗ್ ನಾಮ್ ಖಿಯಾವ್ 'ಈಸಾನ್ ಸೀಮೆಯ ಸ್ವಿಟ್ಜರ್ಲೆಂಡ್' ಎಂದು ಹೆಸರಾಯಿತು. ಅಲ್ಲಿನ ಹಲವು ರೆಸಾರ್ಟುಗಳು ಥಾಪ್ ಲಾನ್ ರಾಷ್ಟ್ರೀಯ ಉದ್ಯಾನದ ನೆಲವನ್ನು ಒತ್ತುವರಿ ಮಾಡಿವೆಯೆಂದು 2011ರಿಂದ ಸರಕಾರ ಕ್ರಮಕ್ಕಿಳಿಯಿತು, ಕೆಲವನ್ನು ಕೆಡವಿತು. 2024ರಲ್ಲಿ ಅದೇ ಉದ್ಯಾನದಿಂದ ನಾನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಬಿಟ್ಟುಕೊಡುವ ಪ್ರಸ್ತಾಪ ಬಂದಾಗ ದೇಶದಾದ್ಯಂತ ವಿರೋಧದ ದನಿ ಎದ್ದಿತು. ಉದ್ಯಾನ ಘೋಷಣೆಗೂ ಮುಂಚೆಯೇ ಅಲ್ಲಿ ಉಳುತ್ತಿದ್ದ ರೈತರ ಹಕ್ಕಿನ ಪ್ರಶ್ನೆಯೂ ಅದರಲ್ಲಿ ಸೇರಿಕೊಂಡಿದೆ. ರೈತನ ಗುಡಿಸಲನ್ನೂ ರೆಸಾರ್ಟಿನ ಗೋಪುರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕಾಡಿನ ಆನೆಗಳಿಗೆ ಈ ಗೆರೆಗಳಾವುವೂ ಕಾಣುವುದಿಲ್ಲ. ಖಾವೊ ಯಾಯ್‌ನಲ್ಲಿ ಹೇವ್ ನರೋಕ್ ಎಂಬ ಜಲಪಾತವಿದೆ. ನರೋಕ್ ಎಂದರೆ ನರಕವೇ. 1992ರಲ್ಲಿ ಅಲ್ಲಿ 8 ಆನೆಗಳು ಬಿದ್ದು ಸತ್ತವು. 2019ರ ಅಕ್ಟೋಬರ್‌ನಲ್ಲಿ ಮತ್ತೆ 11 ಆನೆಗಳ ಹೆಣಗಳು ಸಿಕ್ಕವು. ಅದು ಬೆಟ್ಟದ ಕಡಿದಾದ ಪ್ರಪಾತ, ಮನುಷ್ಯರ ತಪ್ಪೆನ್ನಲಾಗದು. ಆದರೆ ಹೀಗೆ ಒಮ್ಮೆಗೇ ಹನ್ನೊಂದನ್ನು ಕಳೆದುಕೊಳ್ಳುವ ಕಾಡಿಗೆ ಇರುವಷ್ಟು ಜಾಗವಾದರೂ ಉಳಿಯಬೇಕಲ್ಲವೇ?

ಥಾಯ್ ಜನ ಮನೆ, ಹೋಟೆಲು ಏನೇ ಕಟ್ಟಲಿ, ಅಂಗಳದ ಮೂಲೆಯಲ್ಲಿ ಕಂಬದ ಮೇಲೊಂದು ಪುಟ್ಟ ಗುಡಿ ನಿಲ್ಲಿಸುತ್ತಾರೆ. ಅದು ಆ ನೆಲದ ಮೂಲ ಒಡೆಯನಾದ ದೈವಕ್ಕೆ. ಇಂಗ್ಲಿಷ್ ಬಂಗಲೆಯ ಅಂಗಳದಲ್ಲೂ ಇಂಥ ಗುಡಿ, ಅದರ ಮುಂದೆ ಹೂಮಾಲೆ, ಕೆಂಪು ಸೋಡಾದ ಬಾಟಲಿ ಕಾಣಸಿಗುತ್ತವೆ. ಮಕ್ಕಳಿಗೆ ತೋರಿಸಬೇಕಾದ ಸಂಗತಿಗಳಲ್ಲಿ ಇದೂ ಒಂದು.

ಹೋಗುವವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗುವುದು ಮೇಲು. ಮಳೆಗಾಲದಲ್ಲಿ ಜಲಪಾತಗಳು ತುಂಬಿರುತ್ತವೆ, ಜಿಗಣೆಗಳೂ ಅಷ್ಟೇ! ಎರಡು ದಿನ ತಂಗಿದರೆ ಒಂದು ಮುಂಜಾವನ್ನು ಕಾಡಿಗೇ ಮೀಸಲಿಡಬೇಕು. ಗಿಬ್ಬನ್‌ಗಳ ಹಾಡು ಕೇಳುವುದು ಆಗಲೇ. ಸಂಜೆ ಗುಡ್ಡದ ಗುಹೆಯಿಂದ ಲಕ್ಷಾಂತರ ಬಾವಲಿಗಳು ಹೊಗೆಯ ಹಾಗೆ ಸಾಲಾಗಿ ಹೊರಡುತ್ತವೆ. ಭತ್ತದ ಜಿಗಿಹುಳುಗಳನ್ನು ತಿನ್ನುವ ಈ ಬಾವಲಿಗಳು ರೈತರ ಬಂಧುಗಳು.

ವಿದ್ಯಾರ್ಥಿಗಳು ಚೀಲದಲ್ಲಿ ಒಂದು ಸಾದಾ ಥರ್ಮಾಮೀಟರ್ ಇಟ್ಟುಕೊಂಡರೆ ಇನ್ನೂ ಚೆನ್ನ. ಮಧ್ಯಾಹ್ನ ಎರಡು ಗಂಟೆಗೆ ಹೋಟೆಲಿನ ಕಲ್ಲುಹಾಸಿನ ಅಂಗಳದಲ್ಲಿ ಒಮ್ಮೆ, ಮರುದಿನ ಅದೇ ಹೊತ್ತಿಗೆ ಕಾಡಿನ ಮರಗಳ ಕೆಳಗೆ ಒಮ್ಮೆ ಗಾಳಿಯ ಉಷ್ಣಾಂಶ ಅಳೆಯಲಿ. ಎರಡೂ ಸಲ ಉಪಕರಣಕ್ಕೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಲಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಆ ಎರಡು ಅಂಕಿಗಳನ್ನು ಊರಿಗೆ ಬಂದ ಮೇಲೆ ತರಗತಿಯಲ್ಲಿ ಓದಿ ಹೇಳಲಿ.